ಕೋಟೆಗೆ ಮುತ್ತಿಗೆ, ಕಟ್ಟೆಯಲ್ಲಿ ಸುಂಕ: 1184ರ ಒಂದು ಪ್ರಯಾಣದ ಪ್ರಕರಣ ಅಧ್ಯಯನ

1184ರ ಸೆಪ್ಟೆಂಬರ್. ಡಮಾಸ್ಕಸ್‌ನಿಂದ ಮುಸ್ಲಿಂ ವ್ಯಾಪಾರಿಗಳ ಒಂದು ದೊಡ್ಡ ತಂಡ ಸರಕು ಹೇರಿಕೊಂಡು ಹೊರಟಿತು. ಅವರು ಹೋಗಬೇಕಿದ್ದದ್ದು ಏಕರ್ ಬಂದರಿಗೆ. ಇಂದಿನ ಇಸ್ರೇಲ್‌ನ ಅಕ್ಕೋ ಅದು. ಆಗ ಅದು ಯುರೋಪಿನ ಧರ್ಮಯೋಧರು ಕಟ್ಟಿದ ಕ್ರೈಸ್ತರ ಜೆರುಸಲೇಮ್ ರಾಜ್ಯದ ಮುಖ್ಯ ಬಂದರು. ಸರಿಯಾಗಿ ಅದೇ ದಿನಗಳಲ್ಲಿ ಈಜಿಪ್ಟ್, ಸಿರಿಯಾ ಆಳುತ್ತಿದ್ದ ಸುಲ್ತಾನ ಸಲಾದಿನ್‌ನ ಸೈನ್ಯ ಕ್ರೈಸ್ತರ ಕೆರಕ್ ಕೋಟೆಯ ಮುತ್ತಿಗೆ ಬಿಟ್ಟು, ನಾಬ್ಲುಸ್ ಊರನ್ನು ದೋಚಿ, ಡಮಾಸ್ಕಸ್ ಕಡೆಗೆ ಮರಳುತ್ತಿತ್ತು. ಕ್ರೈಸ್ತ ಸೆರೆಯಾಳುಗಳು ಊರೊಳಗೆ ಬರುತ್ತಿದ್ದರು. ಮುಸ್ಲಿಂ ವ್ಯಾಪಾರಿಗಳು ಕ್ರೈಸ್ತರ ನಾಡಿಗೆ ಹೊರಟಿದ್ದರು.

ಆ ತಂಡದಲ್ಲಿದ್ದ ಒಬ್ಬ ಯಾತ್ರಿಕ ಕಂಡದ್ದನ್ನೆಲ್ಲ ಬರೆದಿಟ್ಟ. ಈ ಪ್ರಕರಣ ನಿಂತಿರುವುದು ಹೆಚ್ಚಾಗಿ ಆತನ ಮಾತಿನ ಮೇಲೆ. ರಾಜರು, ಸುಲ್ತಾನರು, ಕೋಟೆ ಊರುಗಳನ್ನು ಆಳಿದ ಕೆಲವು ಒಡೆಯರ ಹೆಸರು ಹೇಳುತ್ತೇನೆ. ಉಳಿದವರ ಹೆಸರನ್ನು, ಯಾತ್ರಿಕನ ಹೆಸರನ್ನೂ ಸೇರಿಸಿ, ಬಿಟ್ಟಿದ್ದೇನೆ. ಈ ವಿಷಯದಲ್ಲಿ ಹೆಸರು ಮುಂದೆ ಬಂದ ಕೂಡಲೇ ನಾವು 'ದೊಡ್ಡ ಮನಸ್ಸಿನ ಮನುಷ್ಯ' ಯಾರು ಅಂತ ಹುಡುಕಲು ಶುರುಮಾಡುತ್ತೇವೆ. ಇಲ್ಲಿ ನೋಡಬೇಕಾದ್ದು ಮನಸ್ಸಿನ ಅಳತೆಯನ್ನಲ್ಲ, ದಾರಿ ಹೇಗೆ ತೆರೆದಿತ್ತು ಎಂಬುದನ್ನು.

ಹಿನ್ನೆಲೆ

ಯಾತ್ರಿಕ ಸ್ಪೇನಿನ ಗ್ರನಾಡದವನು. ಅಲ್ಲಿನ ಮುಸ್ಲಿಂ ರಾಜ್ಯಪಾಲನ ಬಳಿ ಬರವಣಿಗೆಯ ಕೆಲಸದಲ್ಲಿದ್ದವನು. 1183ರ ಆರಂಭದಲ್ಲಿ ಹಜ್‌ಗೆ ಹೊರಟ. ಉತ್ತರ ಆಫ್ರಿಕಾದ ಸೆವುಟಾದಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯಾಗೆ ಆತ ಬಂದದ್ದು ಜಿನೋವಾದ ಕ್ರೈಸ್ತರ ಹಡಗಿನಲ್ಲಿ. ಮೆಡಿಟರೇನಿಯನ್ ಸಮುದ್ರದಲ್ಲಿ ದೂರ ಹೋಗುವ ಒಳ್ಳೆಯ ಹಡಗುಗಳು ಜಾಸ್ತಿ ಇಟಲಿಯ ಊರುಗಳ ಕೈಯಲ್ಲಿದ್ದವು. ಮೆಕ್ಕಾಗೆ ಹೋಗುವ ಮುಸ್ಲಿಮನೂ ಅವನ್ನೇ ಹತ್ತಬೇಕಿತ್ತು. ಹಡಗಿನವನಿಗೆ ಬಾಡಿಗೆ ಮುಖ್ಯ, ಹತ್ತಿದವನ ದೇವರು ಯಾರು ಅನ್ನುವುದಲ್ಲ.

ಅಲೆಕ್ಸಾಂಡ್ರಿಯಾ ಸಲಾದಿನ್‌ನ ಊರು, ತನ್ನವರ ಊರು. ಅಲ್ಲಿ ಆತನಿಗೆ ಸಿಕ್ಕ ಸ್ವಾಗತವೇ ಬೇರೆ. ಸುಂಕದವರು ಹಡಗು ಹತ್ತಿ ಒಬ್ಬೊಬ್ಬರ ಹೆಸರು ಬರೆದುಕೊಂಡರು. ಸರಕನ್ನೆಲ್ಲ ಇಳಿಸಿ ಗುಡ್ಡೆ ಹಾಕಿದರು. ಸೊಂಟದ ಬಟ್ಟೆಯೊಳಗೆ ಕೈ ಹಾಕಿ ಹುಡುಕಿದರು. ಇನ್ನೇನಾದರೂ ಬಚ್ಚಿಟ್ಟಿದ್ದೀರಾ ಎಂದು ಆಣೆ ಮಾಡಿಸಿದರು. ನೂಕುನುಗ್ಗಲಲ್ಲಿ ಎಷ್ಟೋ ಸಾಮಾನು ಕಾಣೆಯಾಯಿತು. ಹಜ್ ಯಾತ್ರಿಕರ ದಾರಿಖರ್ಚಿನ ಮೇಲೂ ಝಕಾತ್, ಅಂದರೆ ಮುಸ್ಲಿಮರು ಕೊಡಬೇಕಾದ ದಾನದ ತೆರಿಗೆ, ಕೇಳಿದರು. ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಇದು ಸಲಾದಿನ್‌ಗೆ ಗೊತ್ತಿರಲಾರದು, ಗೊತ್ತಿದ್ದರೆ ನಿಲ್ಲಿಸುತ್ತಿದ್ದ ಎಂದು ಆತ ಬರೆದ. ದೊರೆ ಒಳ್ಳೆಯವನು, ಅಧಿಕಾರಿಗಳು ಕೆಟ್ಟವರು ಅನ್ನುವ ಮಾತು ಎಷ್ಟು ಹಳೆಯದು ನೋಡಿ.

ಅದೇ ಊರಲ್ಲಿ ಇನ್ನೊಂದು ದೃಶ್ಯವನ್ನೂ ಆತ ಕಂಡ. ಕ್ರೈಸ್ತ ಸೆರೆಯಾಳುಗಳನ್ನು ಒಂಟೆಗಳ ಮೇಲೆ ಬಾಲದ ಕಡೆ ಮುಖ ಮಾಡಿ ಕೂರಿಸಿ, ತಾಳ ಕೊಂಬು ಬಾರಿಸುತ್ತ ಮೆರವಣಿಗೆ ಮಾಡುತ್ತಿದ್ದರು. ಕೆರಕ್‌ನ ಒಡೆಯ ರೆನೋ ಡಿ ಶಾತಿಯೋ ಕೆಂಪು ಸಮುದ್ರಕ್ಕೆ ಹಡಗು ಇಳಿಸಿ ಹಜ್ ದಾರಿಯಲ್ಲಿ ದಾಳಿ ಮಾಡಿಸಿದ್ದ. ಸಿಕ್ಕಿಬಿದ್ದವರು ಇವರು. ಅದು ಭಾರತದ ಪಶ್ಚಿಮ ಕರಾವಳಿಯ ಮೆಣಸು ಈಜಿಪ್ಟ್‌ಗೆ ಹೋಗುತ್ತಿದ್ದ ದಾರಿಯೂ ಹೌದು. ಆ ದಾರಿಯಲ್ಲಿ ಮೆಣಸಿನ ಹೊರೆಗಳು ಮಣ್ಣಿನಷ್ಟು ಅಗ್ಗವೇನೋ ಅನ್ನುವ ಹಾಗೆ ಸಾಗುತ್ತಿದ್ದುದನ್ನು ಯಾತ್ರಿಕ ಮುಂದೆ ಕಂಡ. ರೆನೋನ ಹೆಸರು ಈ ಪ್ರಕರಣದಲ್ಲಿ ಮತ್ತೆ ಬರುತ್ತದೆ.

ಸಮಸ್ಯೆ

ಹಜ್ ಮುಗಿಯಿತು. ಬಾಗ್ದಾದ್, ಮೋಸುಲ್, ಅಲೆಪ್ಪೊ ಸುತ್ತಿ ಡಮಾಸ್ಕಸ್ ಸೇರಿದ್ದಾಯಿತು. ಇನ್ನು ಮನೆಗೆ ಹೋಗಬೇಕು. ಪಶ್ಚಿಮಕ್ಕೆ ಹೋಗುವ ಹಡಗಿಗೆ ಪೂರ್ವದಿಂದ ಬೀಸುವ ಗಾಳಿ ಬೇಕು. ಆ ಗಾಳಿ ವಸಂತದಲ್ಲಿ ಒಮ್ಮೆ, ಅಕ್ಟೋಬರ್ ನಡುವಿನಲ್ಲಿ ಸ್ವಲ್ಪ ದಿನ, ಅಷ್ಟೇ. ತಪ್ಪಿದರೆ ಮುಂದಿನ ವಸಂತದವರೆಗೆ ಕಾಯಬೇಕು. ಹತ್ತಿರದ ದೊಡ್ಡ ಬಂದರೆಂದರೆ ಏಕರ್, ಅದು ಶತ್ರುವಿನದು. ನಡುವೆ ಗಡಿ ಇದೆ. ಗಡಿಯಲ್ಲಿ ಆಗಾಗ ದಾಳಿ ಇದೆ.

ಯಾತ್ರಿಕ ತೀರ್ಮಾನ ಮಾಡಿದ್ದು ಸರಳವಾಗಿ: ದಿನವೂ ಆ ದಾರಿಯಲ್ಲಿ ಓಡಾಡುವವರ ಜೊತೆ ಸೇರಿಕೊಳ್ಳುವುದು. ಅವರು ವ್ಯಾಪಾರಿಗಳು. ಎಲ್ಲಿ ನಿಲ್ಲಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದು ಅವರಿಗೆ ಬಾಯಿಪಾಠ. ಹೊಸಬನೊಬ್ಬ ಒಂಟಿಯಾಗಿ ಹೋಗಿದ್ದರೆ ಕಥೆ ಬೇರೆ ಆಗುತ್ತಿತ್ತೇನೋ.

ದಾರಿ

ಸೆಪ್ಟೆಂಬರ್ 13ರಂದು ಹೊರಟರು. ಬನಿಯಾಸ್ ಊರಿಗೆ ಸ್ವಲ್ಪ ಮೊದಲು ಒಂದು ದೊಡ್ಡ ಓಕ್ ಮರ ಸಿಕ್ಕಿತು. ಆ ಜಾಗದಲ್ಲಿ ಕ್ರೈಸ್ತ ಲೂಟಿಕೋರರ ಕಾಟ ಇತ್ತು. ಆದರೆ ಲೂಟಿಗೂ ಒಂದು ಗೆರೆ ಇತ್ತು. ಮರದಿಂದ ಮುಸ್ಲಿಮರ ಕಡೆಗೆ ಒಂದು ಮಾರು ಆಚೆ ಸಿಕ್ಕಿದರೂ ಸೆರೆ. ಕ್ರೈಸ್ತರ ಕಡೆಗೆ ಅಷ್ಟೇ ದೂರ ಈಚೆ ಸಿಕ್ಕಿದರೆ ಬಿಟ್ಟುಬಿಡಬೇಕು. ಓದಿದರೆ ತಲೆಕೆಳಗಾದ ಹಾಗೆ ಕಾಣುತ್ತದೆ ಅಲ್ವಾ? ಶತ್ರುವಿನ ನಾಡು ತಲುಪಿದವನೇ ಸುರಕ್ಷಿತ! ಯೋಚಿಸಿದರೆ ಅರ್ಥವಾಗುತ್ತದೆ. ಕ್ರೈಸ್ತರ ನೆಲಕ್ಕೆ ಕಾಲಿಟ್ಟವನು ಸುಂಕ ಕೊಡುವ ಗಿರಾಕಿ. ಅವನನ್ನು ದೋಚಿದರೆ ತಮ್ಮದೇ ಒಡೆಯನ ಆದಾಯಕ್ಕೆ ಕತ್ತರಿ. ಈ ಮಾತನ್ನು ಅವರು ತಪ್ಪದೆ ನಡೆಸುತ್ತಾರೆ ಎಂದು ಯಾತ್ರಿಕ ಅಚ್ಚರಿಯಿಂದ ಬರೆದ.

ಬನಿಯಾಸ್ ಕೋಟೆ ಮುಸ್ಲಿಮರದು. ಅದರ ಎದುರಿನ ಬಯಲು ಇಬ್ಬರದೂ. ಬಯಲಿನಲ್ಲಿ ಒಂದು ಎಲ್ಲೆ ಇತ್ತು, ಆದರೆ ಬೆಳೆಯನ್ನು ಎರಡೂ ಕಡೆಯವರು ಸಮಪಾಲು ಮಾಡಿಕೊಳ್ಳುತ್ತಿದ್ದರು. ದನಕರುಗಳು ಬೆರೆತು ಮೇಯುತ್ತಿದ್ದವು. ಈ ವಿಚಾರವಾಗಿ ಜಗಳ ಆದದ್ದನ್ನು ಆತ ಕಾಣಲಿಲ್ಲ, ಕೇಳಲಿಲ್ಲ. ಬಯಲಿಗೆ ಒಂದು ಕಡೆ ಒಬ್ಬರ ಕೋಟೆ, ಇನ್ನೊಂದು ಕಡೆ ಇನ್ನೊಬ್ಬರ ಕೋಟೆ. ಯಾವ ಕೋಟೆಯವರು ಹಟ ಹಿಡಿದರೂ ಬಯಲು ಬೀಳು ಬೀಳುತ್ತಿತ್ತು.

ಮುಂದೆ ಕ್ರೈಸ್ತರ ಕೋಟೆ ತಿಬ್ನೀನ್. ಇಲ್ಲಿ ಸುಂಕದ ಕಟ್ಟೆ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಜಾಗ ಇದೇ. ಡಮಾಸ್ಕಸ್‌ನ ವ್ಯಾಪಾರಿಗಳಿಂದ ಇಲ್ಲಿ ಏನನ್ನೂ ಕೇಳಲಿಲ್ಲ. ಅವರು ಏಕರ್‌ನಲ್ಲಿ ಸರಕಿನ ಮೇಲೆ ದಿನಾರ್ ಎಂಬ ಚಿನ್ನದ ನಾಣ್ಯಕ್ಕೆ ಒಂದು ಕಿರಾತ್ ಕೊಡುತ್ತಾರೆ, ಅಂದರೆ 24ರಲ್ಲಿ ಒಂದು ಪಾಲು. ಆದರೆ ಉತ್ತರ ಆಫ್ರಿಕಾ, ಸ್ಪೇನ್ ಕಡೆಯ ಮಗ್ರಿಬಿ ಮುಸ್ಲಿಮರನ್ನು ಬೇರೆ ನಿಲ್ಲಿಸಿ ತಲೆಗೆ ಒಂದು ದಿನಾರ್ ಒಂದು ಕಿರಾತ್ ವಸೂಲಿ ಮಾಡಿದರು. ನಮ್ಮ ಯಾತ್ರಿಕನೂ ಕೊಟ್ಟ.

ಇವರಿಗೆ ಮಾತ್ರ ಯಾಕೆ? ಅದಕ್ಕೊಂದು ಹಿಂದಿನ ಕಥೆ ಇದೆ. ಸಲಾದಿನ್‌ಗಿಂತ ಮೊದಲು ಡಮಾಸ್ಕಸ್ ಆಳಿದ ನೂರುದ್ದೀನ್‌ನ ಕಾಲದಲ್ಲಿ ಕೆಲವು ಮಗ್ರಿಬಿಗಳು ಅವನ ಸೈನ್ಯದ ಜೊತೆ ಸೇರಿ ಕ್ರೈಸ್ತರ ಒಂದು ಕೋಟೆ ಹಿಡಿದಿದ್ದರು. ಆಗ ಕ್ರೈಸ್ತರು ಹೇಳಿದ್ದು ಇಷ್ಟು: ಇವರು ನಮ್ಮ ನಾಡಲ್ಲಿ ಬಂದು ಹೋಗುತ್ತಿದ್ದರು, ನಾವು ಒಳ್ಳೆಯದಾಗಿಯೇ ನಡೆಸಿಕೊಂಡೆವು, ಏನೂ ಕಿತ್ತುಕೊಳ್ಳಲಿಲ್ಲ, ಈಗ ಯುದ್ಧಕ್ಕೆ ಕೈ ಹಾಕಿದ್ದಾರೆ, ಹಾಗಾಗಿ ಇನ್ನು ಮೇಲೆ ತಲೆಗೆ ಇಷ್ಟು ಕೊಡಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೋಪ ನಿಜವಾದದ್ದು, ಕಾರಣವೂ ಇತ್ತು. ಅವರ ಮುಂದೆ ಬೇರೆ ದಾರಿಗಳೂ ಇದ್ದವು. ಮಗ್ರಿಬಿಗಳಿಗೆ ದಾರಿ ಮುಚ್ಚಬಹುದಿತ್ತು. ಸಿಕ್ಕವರನ್ನು ಸೆರೆ ಹಿಡಿಯಬಹುದಿತ್ತು. ಎಲ್ಲ ಮುಸ್ಲಿಮರ ಮೇಲೂ ಸೇಡು ತೀರಿಸಿಕೊಳ್ಳಬಹುದಿತ್ತು. ಅದು ಬಿಟ್ಟು ಆ ಕೋಪಕ್ಕೆ ಒಂದು ಬೆಲೆ ಕಟ್ಟಿ ದರಪಟ್ಟಿಗೆ ಸೇರಿಸಿದರು. ಒಂದು ದಿನಾರ್, ಒಂದು ಕಿರಾತ್. ಕೊಟ್ಟವನು ಮುಂದೆ ಹೋಗಬಹುದು. ಕೊಡುವವರಿಗೂ ಇದು ಅಷ್ಟೇನೂ ನೋಯಲಿಲ್ಲ. ಶತ್ರುವಿಗೆ ಚುರುಕು ಮುಟ್ಟಿಸಿದ್ದಕ್ಕೆ ಕೊಡುವ ಹಣ ಎಂದು ಅವರು ಒಳಗೊಳಗೇ ಹೆಮ್ಮೆಪಡುತ್ತಾರೆ ಅನ್ನುವ ಧಾಟಿ ಯಾತ್ರಿಕನ ಬರಹದಲ್ಲೇ ಇದೆ. ಇಬ್ಬರ ಮಾನವೂ ಉಳಿಯಿತು, ದಾರಿಯೂ ಉಳಿಯಿತು.

ಹಳ್ಳಿಗಳು

ತಿಬ್ನೀನ್‌ನಿಂದ ಏಕರ್‌ವರೆಗೆ ಸಾಲು ಹಳ್ಳಿಗಳು. ಅಲ್ಲಿ ಒಕ್ಕಲುಗಳೆಲ್ಲ ಮುಸ್ಲಿಮರು, ಒಡೆಯರು ಕ್ರೈಸ್ತರು. ಸುಗ್ಗಿಯಲ್ಲಿ ಅರ್ಧ ಬೆಳೆ ಒಡೆಯನಿಗೆ, ನಮ್ಮಲ್ಲಿ ಕೋರಿಗೆ ಮಾಡುವ ಹಾಗೆ. ಜೊತೆಗೆ ತಲೆಗೆ ಒಂದು ದಿನಾರ್ ಐದು ಕಿರಾತ್. ಹಣ್ಣಿನ ಮರಗಳಿಗೆ ಸಣ್ಣದೊಂದು ತೆರಿಗೆ. ಇಷ್ಟು ಬಿಟ್ಟರೆ ಮನೆ, ಆಸ್ತಿ, ಊರಿನ ಆಡಳಿತ ಅವರದೇ.

ಏಕರ್‌ಗೆ ಹತ್ತಿರದ ಒಂದು ಹಳ್ಳಿಯಲ್ಲಿ ತಂಡ ರಾತ್ರಿ ತಂಗಿತು. ಊರ ಮುಖ್ಯಸ್ಥ ಮುಸ್ಲಿಂ, ಅವನನ್ನು ನೇಮಿಸಿದವರು ಕ್ರೈಸ್ತರು. ಅವನು ಮಹಡಿಯ ದೊಡ್ಡ ಕೋಣೆಯಲ್ಲಿ ಇಡೀ ತಂಡಕ್ಕೆ, ದೊಡ್ಡವರು ಚಿಕ್ಕವರು ಅನ್ನದೆ, ಬಗೆಬಗೆಯ ಊಟ ಬಡಿಸಿದ. ಯಾತ್ರಿಕನೂ ಉಂಡವರಲ್ಲಿ ಒಬ್ಬ.

ಉಂಡರೂ ಆತನ ಮನಸ್ಸಿಗೆ ಸಮಾಧಾನ ಇರಲಿಲ್ಲ. ಇಲ್ಲಿನ ರೈತರು ನೆಮ್ಮದಿಯಾಗಿದ್ದಾರೆ, ಅದೇ ಮುಸ್ಲಿಂ ಒಡೆಯರ ಕೈಕೆಳಗಿನ ರೈತರು ಅನ್ಯಾಯ ಅನ್ನುತ್ತಾರೆ, ಶತ್ರುವಿನ ನಡತೆ ಹೊಗಳುತ್ತಾರೆ. ಇದು ನಮ್ಮವರಿಗೆ ಬಂದ ದೊಡ್ಡ ಕೇಡು ಎಂದು ಆತ ಕೊರಗಿದ. ಈ ಸಾಕ್ಷಿಗೆ ತೂಕ ಬರುವುದು ಇಲ್ಲಿಯೇ. ಕ್ರೈಸ್ತರನ್ನು ಆತ ಪುಟಕ್ಕೊಮ್ಮೆ ಶಪಿಸುತ್ತಾನೆ. ರಾಜನನ್ನು ಹಂದಿ, ರಾಜಮಾತೆಯನ್ನು ಹೆಣ್ಣುಹಂದಿ ಅನ್ನುತ್ತಾನೆ. ಅಂಥವನು ಹಲ್ಲು ಕಚ್ಚಿಕೊಂಡು ಒಪ್ಪಿಕೊಂಡ ಮಾತನ್ನು, ಸುಮ್ನೆ ಹೊಗಳುವವನ ಮಾತಿಗಿಂತ ಜಾಸ್ತಿ ನಂಬಬಹುದು. ಆದರೂ ಒಂದು ಎಚ್ಚರ ಬೇಕು. ತನ್ನ ಕಡೆಯ ಒಡೆಯರನ್ನು ನಾಚಿಸಲು ಶತ್ರುವನ್ನು ಸ್ವಲ್ಪ ಹೆಚ್ಚೇ ಹೊಗಳಿರಬಹುದು. ಆ ರೈತರು ಮಾತ್ರ ತಮ್ಮ ಬಾಯಿಂದ ಇಲ್ಲಿ ಎಲ್ಲೂ ಮಾತಾಡುವುದಿಲ್ಲ.

ಏಕರ್ ಮತ್ತು ಟೈರ್

ಸೆಪ್ಟೆಂಬರ್ 18ರ ಬೆಳಗ್ಗೆ ಏಕರ್. ತಂಡವನ್ನು ನೇರವಾಗಿ ಸುಂಕದ ಮನೆಗೆ ಕರೆದೊಯ್ದರು. ಬಾಗಿಲ ಮುಂದೆ ಕಲ್ಲಿನ ಜಗಲಿ, ಮೇಲೆ ಜಮಖಾನ. ಅದರ ಮೇಲೆ ಕ್ರೈಸ್ತ ಗುಮಾಸ್ತರು ಕೂತಿದ್ದರು. ಮುಂದೆ ಚಿನ್ನದ ಅಲಂಕಾರವಿದ್ದ ಕರಿಮರದ ಮಸಿದಾನಿಗಳು. ಲೆಕ್ಕ ಬರೆಯುತ್ತಿದ್ದದ್ದು ಅರಬ್ಬಿಯಲ್ಲಿ, ಆಡುತ್ತಿದ್ದದ್ದೂ ಅರಬ್ಬಿಯೇ. ಸುಂಕವನ್ನು ಗುತ್ತಿಗೆ ಹಿಡಿದವನು ಅವರ ಮೇಲಿನ ಯಜಮಾನ. ವ್ಯಾಪಾರಿಗಳು ಸರಕನ್ನು ಕೆಳಗೆ ಇಳಿಸಿ ಮೇಲಿನ ಅಂತಸ್ತಿನಲ್ಲಿ ಉಳಿದರು. ಮಾರುವ ಸರಕಿಲ್ಲ ಎಂದವರ ಗಂಟನ್ನೂ ಬಿಚ್ಚಿ ನೋಡಿದರು, ಆಮೇಲೆ ಎಲ್ಲಿ ಬೇಕಾದರೂ ಹೋಗಿ ಎಂದರು. ಎಲ್ಲವೂ ಮರ್ಯಾದೆಯಿಂದ, ಗದರದೆ, ನೂಕದೆ ನಡೆಯಿತು.

ಅಲೆಕ್ಸಾಂಡ್ರಿಯಾದಲ್ಲಿ ಸೊಂಟದೊಳಗೆ ಕೈ ಹಾಕಿಸಿಕೊಂಡವನೇ ಇದನ್ನು ಬರೆಯುತ್ತಿರುವುದು. ಗುತ್ತಿಗೆದಾರನಿಗೆ ಮುಂದಿನ ವರ್ಷವೂ ಇದೇ ವ್ಯಾಪಾರಿಗಳು ಬರಬೇಕು. ಅಲೆಕ್ಸಾಂಡ್ರಿಯಾಕ್ಕೆ ಬರುವ ಹಜ್ ಯಾತ್ರಿಕ ಜೀವಮಾನದಲ್ಲಿ ಒಮ್ಮೆ ಬಂದು ಹೋಗುವವನು. ಧರ್ಮಕ್ಕಿಂತ ಈ ವ್ಯತ್ಯಾಸವೇ ಆ ಎರಡು ಕಟ್ಟೆಗಳ ನಡತೆಯನ್ನು ಹೆಚ್ಚು ವಿವರಿಸುತ್ತದೆ ಎಂಬುದು ನನ್ನ ಅಂದಾಜು.

ಯಾತ್ರಿಕ ಸಮುದ್ರದ ಎದುರು ಒಬ್ಬ ಕ್ರೈಸ್ತ ಹೆಂಗಸಿನ ಮನೆಯಲ್ಲಿ ಬಾಡಿಗೆಗೆ ಇಳಿದ. ಊರು ಅವನಿಗೆ ಹಿಡಿಸಲಿಲ್ಲ. ಕಾಲಿಡಲು ಜಾಗವಿಲ್ಲ, ಎಲ್ಲೆಡೆ ಗಲೀಜು, ನಾತ. ಮಸೀದಿಗಳನ್ನು ಚರ್ಚ್ ಮಾಡಿದ್ದರು. ಆದರೆ ದೊಡ್ಡ ಮಸೀದಿಯ ಒಂದು ಮೂಲೆಯನ್ನು ಹೊರಗಿನಿಂದ ಬರುವ ಮುಸ್ಲಿಮರ ನಮಾಜಿಗೆ ಬಿಟ್ಟಿದ್ದರು. ಊರಿನ ಪೂರ್ವಕ್ಕೆ ಎತ್ತಿನ ಬುಗ್ಗೆ ಎಂಬ ನೀರಿನ ಜಾಗ. ಅಲ್ಲಿದ್ದ ಮಸೀದಿಯ ಮಿಹ್ರಾಬ್, ಮೆಕ್ಕಾದ ದಿಕ್ಕು ತೋರುವ ಗೂಡು, ಹಾಗೇ ಇತ್ತು. ಕ್ರೈಸ್ತರು ಅದರ ಪೂರ್ವ ಬದಿಗೆ ತಮ್ಮದೊಂದು ಪೂಜಾಸ್ಥಾನ ಮಾಡಿಕೊಂಡಿದ್ದರು. ಒಂದೇ ಆವರಣ. ಒಬ್ಬರು ತೆಂಕಣಕ್ಕೆ ಮೆಕ್ಕಾದ ಕಡೆ, ಇನ್ನೊಬ್ಬರು ಮೂಡಣಕ್ಕೆ. ಆ ಜಾಗ ಕ್ರೈಸ್ತರ ಕೈಯಲ್ಲಿದ್ದರೂ ಅದರ ಮಾನ ಉಳಿದಿದೆ ಎಂದು ಆತ ಬರೆದ.

ಅಲ್ಲಿಂದ ಹತ್ತಿರದ ಇನ್ನೊಂದು ಕ್ರೈಸ್ತ ಬಂದರು ಟೈರ್‌ಗೂ ಹೋಗಿ ಬಂದ. ಬಂದರಿನ ಹತ್ತಿರ ಒಂದು ಕ್ರೈಸ್ತ ಮದುವೆ ಮೆರವಣಿಗೆ ಕಂಡ. ಕೊಂಬು, ಕೊಳಲು. ಮದುಮಗಳ ಮೈಮೇಲೆ ಚಿನ್ನದ ಕಸೂತಿಯ ರೇಷ್ಮೆ, ನೆಲದ ಮೇಲೆ ಎಳೆಯುವಷ್ಟು ಉದ್ದ. ತಲೆಗೆ ಚಿನ್ನದ ಪಟ್ಟಿ, ಅದರ ಮೇಲೆ ಚಿನ್ನದ ಎಳೆಯ ಬಲೆ. ನೋಡಲು ಮುಸ್ಲಿಮರೂ ಕ್ರೈಸ್ತರೂ ಎರಡು ಸಾಲಾಗಿ ನಿಂತಿದ್ದರು, ಯಾರೂ ಯಾರನ್ನೂ ತಡೆಯಲಿಲ್ಲ. ಯಾತ್ರಿಕ ಎಲ್ಲವನ್ನೂ ಚೆನ್ನಾಗಿ ನೋಡಿದ. ನೋಡಿ ಬರೆದ ಮೇಲೆ, ಇಂಥ ನೋಟದ ಮೋಹದಿಂದ ದೇವರು ಕಾಪಾಡಲಿ ಎಂದು ಬೇಡಿಕೊಂಡ.

ಇದನ್ನೆಲ್ಲ ಓದಿ ಆಹಾ ಎನ್ನುವ ಮೊದಲು ಅದೇ ಬೀದಿಗಳಲ್ಲಿ ಆತ ಕಂಡ ಇನ್ನೊಂದನ್ನು ಹೇಳಬೇಕು. ಸಂಕೋಲೆ ಹಾಕಿದ ಮುಸ್ಲಿಂ ಸೆರೆಯಾಳುಗಳು ಗುಲಾಮರಂತೆ ದುಡಿಯುತ್ತಿದ್ದರು. ಹೆಂಗಸರ ಕಾಲಿಗೂ ಕಬ್ಬಿಣದ ಬಳೆ. ಡಮಾಸ್ಕಸ್‌ನ ಇಬ್ಬರು ಶ್ರೀಮಂತ ವ್ಯಾಪಾರಿಗಳು ಹಣ ಕೊಟ್ಟು ಮಗ್ರಿಬಿ ಸೆರೆಯಾಳುಗಳನ್ನು ಬಿಡಿಸುತ್ತಿದ್ದರು. ಕ್ರೈಸ್ತ ಒಡೆಯರಿಗೂ ಅವರ ಮೇಲೆ ನಂಬಿಕೆ ಇತ್ತು, ಕರಾವಳಿಯುದ್ದಕ್ಕೂ ಅವರ ಸರಕಿನ ಕೋಠಿಗಳಿದ್ದವು. ಸುಂಕ ಕೊಟ್ಟವನಿಗೆ ದಾರಿ, ಸೆರೆ ಸಿಕ್ಕವನಿಗೆ ಸಂಕೋಲೆ. ಎರಡೂ ಒಂದೇ ವ್ಯವಸ್ಥೆಯ ಭಾಗ. ಒಂದನ್ನು ತೋರಿಸಿ ಇನ್ನೊಂದನ್ನು ಮರೆಮಾಡಿದರೆ ಪ್ರಕರಣ ಸುಳ್ಳಾಗುತ್ತದೆ.

ಹಡಗು

ಅಕ್ಟೋಬರ್ 6ಕ್ಕೆ ಹಡಗು ಹತ್ತಿದರು. ಗಾಳಿಗಾಗಿ ಬಂದರಿನಲ್ಲೇ ಕಾದು 18ಕ್ಕೆ ಹೊರಟರು. ನಾವಿಕ ಜಿನೋವಾದವನು. ಜೆರುಸಲೇಮ್ ಯಾತ್ರೆ ಮುಗಿಸಿದ ಎರಡು ಸಾವಿರಕ್ಕೂ ಹೆಚ್ಚು ಕ್ರೈಸ್ತರು, ಮೆಕ್ಕಾ ಯಾತ್ರೆ ಮುಗಿಸಿದ ಮುಸ್ಲಿಮರು, ಎಲ್ಲರೂ ಒಂದೇ ಹಡಗಿನಲ್ಲಿ. ಕೂರುವ ಜಾಗ ಮಾತ್ರ ಬೇರೆ ಬೇರೆ. ನವೆಂಬರ್ ಮೊದಲ ದಿನ ಸಂತರ ಹಬ್ಬ ಬಂತು. ಕ್ರೈಸ್ತರು, ಚಿಕ್ಕವರು ದೊಡ್ಡವರೆನ್ನದೆ, ಕೈಯಲ್ಲಿ ಮೇಣದಬತ್ತಿ ಹಚ್ಚಿಕೊಂಡರು. ಇಡೀ ಹಡಗು ಬೆಳಗಿತು. ದಾರಿಯಲ್ಲಿ ಎರಡೂ ಕಡೆಯವರು ಸತ್ತರು, ಸಮುದ್ರಕ್ಕೆ ಹಾಕಿದರು. ಸತ್ತವನ ಗಂಟು ಹಡಗಿನ ಯಜಮಾನನಿಗೆ ಸೇರಬೇಕು, ಮುಸ್ಲಿಮನಾದರೂ ಕ್ರೈಸ್ತನಾದರೂ.

ಡಿಸೆಂಬರ್‌ನಲ್ಲಿ ಸಿಸಿಲಿಯ ಮೆಸ್ಸಿನಾ ಹತ್ತಿರ ಹಡಗು ಒಡೆಯಿತು. ದಡದ ದೋಣಿಯವರು ಬಂದರು, ಆದರೆ ಜೀವ ಉಳಿಸಲು ಭಾರಿ ಬೆಲೆ ಕೇಳಿದರು. ಹಣವಿಲ್ಲದ ಬಡ ಮುಸ್ಲಿಮರು ಹಡಗಿನಲ್ಲೇ ಉಳಿದರು. ಸಿಸಿಲಿಯ ಕ್ರೈಸ್ತ ರಾಜ ಎರಡನೇ ವಿಲಿಯಂ ಆಗ ಅಲ್ಲಿಗೆ ಬಂದಿದ್ದ. ಯಾಕೆ ಇಳಿಯುತ್ತಿಲ್ಲ ಎಂದು ಕೇಳಿ, ಅವರ ಬಾಡಿಗೆಗೆ ತನ್ನ ಕೈಯಿಂದ 100 ಚಿನ್ನದ ನಾಣ್ಯ ಕೊಡಿಸಿದ. ದರಪಟ್ಟಿ ಕೈಕೊಟ್ಟ ಕಡೆ ಇಡೀ ಪ್ರಯಾಣದಲ್ಲಿ ಇದೊಂದೇ ಸಲ ಒಬ್ಬ ಮನುಷ್ಯನ ಮನಸ್ಸು ಕೆಲಸ ಮಾಡಿತು. 1185ರ ವಸಂತದಲ್ಲಿ ಯಾತ್ರಿಕ ಗ್ರನಾಡ ತಲುಪಿದ.

ಪ್ರಕರಣದಿಂದ ಕಲಿಯುವುದು

ಈ ಪ್ರಯಾಣದಲ್ಲಿ ಯಾರೂ ಯಾರ ಧರ್ಮವನ್ನೂ ಮೆಚ್ಚಲಿಲ್ಲ. ಯಾತ್ರಿಕನಂತೂ ದ್ವೇಷ ಹೊತ್ತುಕೊಂಡೇ ಹೋದ, ಹೊತ್ತುಕೊಂಡೇ ಬಂದ. ಆದರೂ ದಾರಿ ನಡೆಯಿತು. ಪರಸ್ಪರ ಅರಿವು ಹೆಚ್ಚಿದರೆ ಶಾಂತಿ ಬರುತ್ತದೆ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಇಲ್ಲಿ ಆದದ್ದು ಅದಲ್ಲ. ಗೆರೆ ಎಲ್ಲಿದೆ, ದರ ಎಷ್ಟು, ಪಾಲು ಎಷ್ಟು ಎಂಬುದು ಎಲ್ಲರಿಗೂ ಮೊದಲೇ ಗೊತ್ತಿತ್ತು. ತಪ್ಪು ನಡೆದಾಗ ಅದರ ಅಳತೆಯ ಪರಿಹಾರವೂ ಇತ್ತು. ಮಗ್ರಿಬಿಗಳ ಒಂದು ದಿನಾರ್ ಅದಕ್ಕೇ ದೊಡ್ಡ ವಿಷಯ.

ಆ ಪರಿಹಾರ ಬೇಡ ಎಂದವನು ಬಂದಾಗ ಏನಾಯಿತು ಎಂಬುದೂ ಗೊತ್ತಿದೆ. 1185ರಲ್ಲಿ ಸಲಾದಿನ್ ಮತ್ತು ಜೆರುಸಲೇಮ್ ರಾಜ್ಯದ ನಡುವೆ ನಾಲ್ಕು ವರ್ಷದ ಕದನವಿರಾಮ ಆಯಿತು. 1187ರ ಹೊತ್ತಿಗೆ ಕೆರಕ್‌ನ ಅದೇ ರೆನೋ ತನ್ನ ಕೋಟೆಯ ಪಕ್ಕದಲ್ಲಿ ಹೋಗುತ್ತಿದ್ದ ದೊಡ್ಡ ವ್ಯಾಪಾರಿ ತಂಡವನ್ನು ದೋಚಿದ. ಸಲಾದಿನ್ ಮೊದಲು ಯುದ್ಧಕ್ಕೆ ಬರಲಿಲ್ಲ. ಸೆರೆಯಾಳುಗಳನ್ನೂ ಸರಕನ್ನೂ ವಾಪಸ್ ಕೊಡಿ ಎಂದು ಕೇಳಿ ಕಳುಹಿಸಿದ. ಜೆರುಸಲೇಮ್ ರಾಜ ಗೀ ಕೂಡ ರೆನೋಗೆ ಹೇಳಿ ನೋಡಿದ. ನಿನ್ನ ನೆಲಕ್ಕೆ ನೀನು ಒಡೆಯ, ನನ್ನ ನೆಲಕ್ಕೆ ನಾನು ಎಂದು ರೆನೋ ಉತ್ತರ ಕೊಟ್ಟ. ಜುಲೈ 4ಕ್ಕೆ ಹತ್ತೀನ್ ಯುದ್ಧ. ಕ್ರೈಸ್ತ ಸೈನ್ಯ ನೆಲ ಕಚ್ಚಿತು. ಒಂದು ವಾರದೊಳಗೆ ಏಕರ್, ಅಕ್ಟೋಬರ್‌ಗೆ ಜೆರುಸಲೇಮ್ ಸಲಾದಿನ್ ಕೈಸೇರಿದವು. 1191ರಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್ ಕ್ರೈಸ್ತರಿಗಾಗಿ ಏಕರನ್ನು ಮತ್ತೆ ಹಿಡಿದು ಎರಡು ಸಾವಿರಕ್ಕೂ ಹೆಚ್ಚು ಮುಸ್ಲಿಂ ಸೆರೆಯಾಳುಗಳನ್ನು ಊರ ಹೊರಗೆ ಕೊಲ್ಲಿಸಿದ.

ಇಷ್ಟಾದ ಮೇಲೂ ಹಳೆಯ ಪದ್ಧತಿ ಸಾಯಲಿಲ್ಲ ಅನ್ನುವುದು ವಿಚಿತ್ರ. 1285ರಲ್ಲಿ, ನಮ್ಮ ಯಾತ್ರಿಕ ಬಂದು ಹೋಗಿ ನೂರು ವರ್ಷ ಕಳೆದ ಮೇಲೆ, ಈಜಿಪ್ಟಿನ ಸುಲ್ತಾನ ಖಲಾವೂನ್ ಮತ್ತು ಟೈರ್‌ನ ಕ್ರೈಸ್ತ ಒಡತಿ ಮಾರ್ಗರೆಟ್ ಒಪ್ಪಂದ ಮಾಡಿಕೊಂಡರು. ಅದರಲ್ಲೂ ಹಳ್ಳಿಗಳ ಆದಾಯ ಹಂಚಿಕೊಳ್ಳುವ ಮಾತಿತ್ತು. 1290ರಲ್ಲಿ ಇಟಲಿಯಿಂದ ಹೊಸದಾಗಿ ಬಂದಿಳಿದ ಧರ್ಮಯೋಧರು ಏಕರ್ ಊರಲ್ಲಿ ಮುಸ್ಲಿಮರ ಮೇಲೆ ಬಿದ್ದು ಕೊಂದರು. ಇಲ್ಲಿನ ಗೆರೆ, ದರ, ಪಾಲು ಯಾವುದೂ ಆ ಹೊಸಬರಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ತಪ್ಪು ಮಾಡಿದವರನ್ನು ಒಪ್ಪಿಸಿ ಎಂದು ಖಲಾವೂನ್ ಕೇಳಿದ. ಊರಿನ ಹಿರಿಯರು ಸಭೆ ಸೇರಿ, ಕ್ರೈಸ್ತರನ್ನು ಮುಸ್ಲಿಮರಿಗೆ ಒಪ್ಪಿಸುವುದು ಹೇಗೆ ಎಂದು ಹಿಂಜರಿದರು. ಒಪ್ಪಿಸಲಿಲ್ಲ. ಖಲಾವೂನ್ ದಂಡು ಕಟ್ಟುತ್ತಲೇ ತೀರಿಕೊಂಡ, ಅವನ ಮಗ ಮುಂದುವರಿಸಿದ. 1291ರ ಮೇ 18ರಂದು ಏಕರ್ ಬಿತ್ತು.